ನಡುವೆ ನಿಂತವರ ದಣಿವು

ಕಳೆದ ವೈಶಾಖದಲ್ಲಿ ಪಾಂಡವಪುರದ ಬಂಧುಗಳ ಮನೆಯ ಮದುವೆಗೆ ನಾವು ಹೋಗಿದ್ದೆವು. ಮಂಗಳಕಾರ್ಯ ಮುಗಿದು ಮೊದಲ ಪಂಕ್ತಿ ಏಳುವ ಹೊತ್ತಿಗೆ, ಪರಿಚಯದ ಹಿರಿಯ ಗೃಹಿಣಿಯೊಬ್ಬರು ನಮ್ಮನ್ನು ಚಪ್ಪರದ ಮಗ್ಗುಲಿಗೆ ಕರೆದು, ಪತ್ರಿಕೆಯಲ್ಲಿ ಬರೆಯುವವರು ನೀವು, ನಮ್ಮ ಸೊಸೆಗೆ ನೀವಾದರೂ ಒಂದು ಮಾತು ಹೇಳಿ ಎಂದರು. ಅವರ ದೂರು ಹೀಗಿತ್ತು. "ಹೊಲಕ್ಕೆ ಹೋಗುವುದಿಲ್ಲ, ಕೊಟ್ಟಿಗೆಗೆ ಹೋಗುವುದಿಲ್ಲ, ಬಸ್ಸು ಹತ್ತಿ ಆಫೀಸಿಗೂ ಹೋಗುವುದಿಲ್ಲ. ಮಹಡಿಯ ಕೋಣೆಯಲ್ಲಿ ಕುಳಿತು ಇಂಗ್ಲಿಷಿನಲ್ಲಿ ಇರುವುದನ್ನು ಕನ್ನಡದಲ್ಲಿ ಬರೆಯುತ್ತಾಳೆ, ಅಷ್ಟೇ. ಸಂಜೆ ಇಳಿದು ಬಂದರೆ ಮಾತಿಲ್ಲ ಕಥೆಯಿಲ್ಲ. ಪೂಜೆಗೆ ಕುಳಿತರೂ ದೃಷ್ಟಿ ಎಲ್ಲೋ ಇರುತ್ತದೆ. ಕುಳಿತಲ್ಲೇ ಕುಳಿತವಳಿಗೆ ಅದೆಂಥ ದಣಿವು?"

ಮದುವೆಮನೆಯ ಗದ್ದಲದಲ್ಲಿ ನಾವು ಏನನ್ನೂ ಉತ್ತರಿಸಲಾರದೆ ಹೋದೆವು. ಆದರೆ ಅಪರಾಹ್ನ ಆ ಸೊಸೆಯೊಡನೆ ಮಾತಿಗೆ ಅವಕಾಶ ದೊರೆಯಿತು. ಎಂ.ಎ. ಓದಿದ ಹೆಣ್ಣುಮಗಳು, ಬೆಂಗಳೂರಿನ ಯಾವುದೋ ಸಂಸ್ಥೆಯವರು ಕಳುಹಿಸುವ ಕಾಗದಪತ್ರಗಳನ್ನು ಕನ್ನಡಿಸಿ ಕೊಡುವುದು ಆಕೆಯ ಕಾಯಕ. ಔಷಧಿಯ ಪೆಟ್ಟಿಗೆಯೊಳಗಿನ ಚೀಟಿ, ವಿಮೆಯ ಕರಾರು, ದೂರವಾಣಿಯ ಪರದೆಯ ಮೇಲೆ ಕಾಣುವ ಸೂಚನೆಗಳು ಮೊದಲಾದುವು ಬರುತ್ತಿದ್ದವಂತೆ. ವರ್ಷದಿಂದೀಚೆಗೆ ಬೇರೆ ಬಗೆಯ ಕಾಗದಗಳೂ ಬರತೊಡಗಿವೆ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ನೊಂದವರು ಕೊಟ್ಟ ಹೇಳಿಕೆಗಳು ಅವು. ಆಕೆ ಹೇಳಿದ ಒಂದು ಮಾತು ನಮ್ಮನ್ನು ಈ ಲೇಖನ ಬರೆಯುವಂತೆ ಮಾಡಿತು. "ಬರಿದೆ ಓದಿದ್ದರೆ ಮರೆಯಬಹುದಿತ್ತು. ಕನ್ನಡ ಮಾಡಬೇಕಾದರೆ ಆ ಮಗುವಿನ ಮಾತನ್ನು ನಾನೇ ಆಡಬೇಕಲ್ಲ."

ಅತ್ತೆಯವರ ಪ್ರಶ್ನೆ ಅಪಹಾಸ್ಯದ್ದಲ್ಲ, ನಿಜವಾದ ಪ್ರಶ್ನೆ. ಮೈಬಗ್ಗಿಸಿ ದುಡಿದವರಿಗೆ ಕಣ್ಣಿಗೆ ಕಾಣದ ದುಡಿಮೆ ಅರ್ಥವಾಗುವುದು ಕಷ್ಟ. ಆದಕಾರಣ ಈ ತಿಂಗಳು ಈ ಅಂಕಣವನ್ನು ಎರಡು ನುಡಿಗಳ ನಡುವೆ ನಿಲ್ಲುವವರಿಗಾಗಿ, ಎಂದರೆ ಭಾಷಾಂತರಕಾರರಿಗಾಗಿ ಮತ್ತು ದುಭಾಷಿಗಳಿಗಾಗಿ ಮೀಸಲಿಟ್ಟಿದ್ದೇವೆ. ಇದು ನಮ್ಮ ಸೀಮೆಗೆ ಹೊರಗಿನ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಮಣ್ಣಿನಲ್ಲಿ ಈ ಕಾಯಕದ ಇತಿಹಾಸ ಎಷ್ಟು ಆಳವಾಗಿ ಹೂತಿದೆಯೆಂದರೆ, ಅಗೆದಲ್ಲೆಲ್ಲ ಒಬ್ಬ ದುಭಾಷಿ ಸಿಕ್ಕುತ್ತಾನೆ.

ಶ್ರೀರಂಗಪಟ್ಟಣದಿಂದಲೇ ಆರಂಭಿಸೋಣ. ಆ ದ್ವೀಪದ ಕೋಟೆಯೊಳಗೆ ಮನೆಮಾತು ಕನ್ನಡ, ದಫ್ತರದ ಮಾತು ಪಾರಸಿ, ಲೆಕ್ಕಪತ್ರಗಳಲ್ಲಿ ಮರಾಠಿ, ದಂಡಿನಲ್ಲಿ ದಖನಿ, ಸಮೀಪದ ಹಿರೋಡೆಯ ಬಯಲಿನಲ್ಲಿ ಫ್ರೆಂಚರ ಮಾತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಇಂದಿನ ಪಾಂಡವಪುರವನ್ನು ಆಂಗ್ಲರು ಫ್ರೆಂಚ್ ರಾಕ್ಸ್ ಎಂದೇ ಕರೆದರು. ಇಷ್ಟು ನುಡಿಗಳು ಒಂದೆಡೆ ಸೇರಿದಾಗ ಅವುಗಳ ನಡುವೆ ಓಡಾಡಲು ಯಾರಾದರೂ ಬೇಕಷ್ಟೆ. 1792ರ ಮಾರ್ಚ್ ತಿಂಗಳ ಒಪ್ಪಂದದಲ್ಲಿ ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳೂ ಕೈಬದಲಾದವು. ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಗಿ ಹೋದರು. ಆ ಸಂಧಾನದ ಗುಡಾರದಲ್ಲಿ ಕುಳಿತ ವಕೀಲರ ಹೆಸರುಗಳನ್ನು ಚರಿತ್ರೆ ಉಳಿಸಿಕೊಂಡಿದೆ. ಕರಡುಗಳನ್ನು ಪಾರಸಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಪಾರಸಿಗೆ ಹೊರಳಿಸುತ್ತ ದೀಪದ ಬೆಳಕಿನಲ್ಲಿ ಕುಳಿತ ಮುನ್ಷಿಗಳ ಹೆಸರುಗಳನ್ನು ಕೇಳಿದವರು ಎಷ್ಟು ಮಂದಿ? ಒಂದು ಪದ ಜಾರಿದರೆ ಒಂದು ಪರಗಣೆ ಜಾರುವಂಥ ಕಾಲವದು.

ಹೆಸರು ಉಳಿದ ಒಬ್ಬನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕಂಪನಿ ಸರ್ಕಾರವು ಮೈಸೂರು ಸೀಮೆಯನ್ನು ಅಳೆಯಿಸುವ ಕಾರ್ಯವನ್ನು ಕಾಲಿನ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನ ಇಂಜಿನಿಯರಿಗೆ ವಹಿಸಿತು. ಊರೂರಿನ ಕೈಫಿಯತ್ತು, ಶಾಸನ, ವಂಶಾವಳಿ, ಐತಿಹ್ಯಗಳನ್ನೆಲ್ಲ ಕಲೆಹಾಕಿಸಿದ ಕೀರ್ತಿ ಆತನದು. ಆ ಸಂಗ್ರಹದಲ್ಲಿದ್ದ ಕನ್ನಡ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿತು. ಆದರೆ ಮೆಕೆಂಜಿಗೆ ಈ ದೇಶದ ಯಾವ ಭಾಷೆಯೂ ಬರುತ್ತಿರಲಿಲ್ಲ! ಅವನ ಕಿವಿಯೂ ನಾಲಗೆಯೂ ಆಗಿದ್ದವನು ಕಾವಲಿ ವೆಂಕಟ ಬೊರಯ್ಯ ಎಂಬ ಏಲೂರಿನ ತೆಲುಗು ತರುಣ. ಹುಟ್ಟಿದ್ದು 1776ರಲ್ಲಿ. ಮೆಕೆಂಜಿಯ ಜೊತೆ ಮೈಸೂರು ಸೀಮೆಗೆ ಬಂದಾಗ ಅವನಿಗೆ ಇಪ್ಪತ್ತಮೂರು ವರ್ಷ ಪ್ರಾಯ.

ಬೊರಯ್ಯನ ದಿನಚರಿಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಅಳತೆಯ ಸರಪಳಿ ಹಿಡಿದು ಬಂದ ತಂಡವನ್ನು ಕಂಡ ಗ್ರಾಮಸ್ಥರಿಗೆ ಕಂದಾಯ ಏರಿಸಲು ಬಂದರೆಂಬ ಗುಮಾನಿ. ಗೌಡ ಮಾತಾಡಲು ಒಲ್ಲ, ಶಾನುಭೋಗ ಕಡತ ಬಿಚ್ಚಲು ಒಲ್ಲ, ಅರ್ಚಕನಿಗೆ ಭಯ. ಅವರೆಲ್ಲರ ವಿಶ್ವಾಸ ಗಳಿಸಬೇಕು. ಕೇಳಿದ್ದನ್ನು ಕನ್ನಡದಲ್ಲಿ ಗ್ರಹಿಸಿ, ಮನಸ್ಸಿನಲ್ಲಿ ತೂಗಿ, ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ಬಂಡೆಯ ಮೇಲಿನ ಹಳಗನ್ನಡದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಬೇಕು. ತಪ್ಪಾದರೆ ಸಾಹೇಬನಿಗೆ ಉತ್ತರಿಸಬೇಕು; ಸರಿಯಾದರೆ ಊರವರ ಕಣ್ಣಿಗೆ ಪರಕೀಯನಾಗಬೇಕು. ಜೈನರ ಆಚಾರ ವಿಚಾರಗಳನ್ನು ಕುರಿತು ಅವನು ಭಾಷಾಂತರಿಸಿದ ವೃತ್ತಾಂತವು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಗ್ರಂಥಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅವನ ಹೆಸರಿನೊಂದಿಗೇ ಅಚ್ಚಾಯಿತು. ಅದನ್ನು ನೋಡಲು ಅವನಿರಲಿಲ್ಲ. 1803ರಲ್ಲಿ, ಇಪ್ಪತ್ತೇಳು ತುಂಬುವುದರೊಳಗೆ, ಬೊರಯ್ಯ ತೀರಿಕೊಂಡ.

ಅವನನ್ನು ಕೊಂದದ್ದು ಕೆಲಸವೇ ಎಂದು ನಾವು ಹೇಳುವುದಿಲ್ಲ. ಜ್ವರ, ಪ್ರವಾಸ, ಆ ಕಾಲದ ವೈದ್ಯ, ಎಲ್ಲವೂ ಮನುಷ್ಯನ ಆಯುಸ್ಸನ್ನು ಮೊಟಕು ಮಾಡುತ್ತಿದ್ದ ದಿನಗಳವು. ಆದರೆ ಮುಂದೆ ನಡೆದದ್ದನ್ನು ಗಮನಿಸಬೇಕು. ಅವನ ಜಾಗಕ್ಕೆ ತಮ್ಮ ಲಕ್ಷ್ಮಯ್ಯ ಬಂದ, ಕೆಲಸ ಮುಂದುವರಿಯಿತು. ಮೆಕೆಂಜಿ ಕೃತಘ್ನನಲ್ಲ. ಭಾರತೀಯ ವಿದ್ಯೆಯ ಹೆಬ್ಬಾಗಿಲು ತನಗೆ ತೆರೆದದ್ದು ಬೊರಯ್ಯನ ಪ್ರತಿಭೆಯಿಂದಲೇ ಎಂದು 1817ರಲ್ಲಿ ಸ್ನೇಹಿತನಿಗೆ ಬರೆದ ಪತ್ರದಲ್ಲಿ ಮುಕ್ತವಾಗಿ ಒಪ್ಪಿಕೊಂಡಿದ್ದಾನೆ. ಅದಕ್ಕೆ ಒಂದು ವರ್ಷ ಮೊದಲು ಥಾಮಸ್ ಹಿಕಿ ಬರೆದ ವರ್ಣಚಿತ್ರದಲ್ಲಿ ಕೆಂಪಂಗಿಯ ಮೆಕೆಂಜಿಯ ಸುತ್ತ ಅವನ ಭಾರತೀಯ ಸಹಾಯಕರೂ ನಿಂತಿದ್ದಾರೆ. ಇಂಥ ನೆನಪು ಎಷ್ಟು ಮಂದಿ ದುಭಾಷಿಗಳಿಗೆ ದಕ್ಕೀತು? ಅದೇ ಕಾಲದಲ್ಲಿ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆಗಳ ಕಡೆ ಸಂಚರಿಸಿ, ರಾಗಿಯ ಬಿತ್ತನೆಯಿಂದ ಕಬ್ಬಿಣದ ಕುಲುಮೆಯವರೆಗೆ ಎಲ್ಲವನ್ನೂ ವಿಚಾರಿಸಿ ಮೂರು ಸಂಪುಟಗಳನ್ನು ಬರೆದ. ನಮ್ಮ ಹಿರಿಯರ ಬಾಳನ್ನು ತಿಳಿಯಲು ಇಂದಿಗೂ ಆ ಪುಸ್ತಕಗಳೇ ಆಧಾರ. ಅವನೂ ಕೇಳಿದ್ದೆಲ್ಲ ದುಭಾಷಿಯ ಬಾಯಿಂದಲೇ. ಎರಡು ಭಾಷೆ ಬಲ್ಲವನೆಂಬ ಗೌರವದ ಮಾತೇ ದುಭಾಷಿ; ಆಂಗ್ಲರ ನಾಲಗೆಯಲ್ಲಿ ಅದು ಡುಬಾಷ್ ಎಂದಾಗಿ, ಕ್ರಮೇಣ ದಲ್ಲಾಳಿ ಎಂಬ ಅರ್ಥಕ್ಕೆ ಇಳಿಯಿತು. ನಡುವೆ ನಿಂತವರನ್ನು ಎರಡು ಕಡೆಯವರೂ ಸಂದೇಹದಿಂದ ನೋಡುವುದು ಅಂದಿನಿಂದ ಬಂದ ರೂಢಿ.

ಇನ್ನು ಈ ದಣಿವಿನ ಸ್ವರೂಪವೇನು? ಸಂಗೀತ ಕೇಳುತ್ತ ತರಕಾರಿ ಹೆಚ್ಚಬಹುದು. ಒಬ್ಬರ ಮಾತನ್ನು ಕೇಳುತ್ತ ಕೇಳುತ್ತಲೇ, ಅವರ ಹಿಂದಿನ ವಾಕ್ಯವನ್ನು ಬೇರೊಂದು ನುಡಿಯಲ್ಲಿ ಆಡುತ್ತ, ಮುಂದಿನ ವಾಕ್ಯವನ್ನು ನೆನಪಿನಲ್ಲಿ ಹಿಡಿಯುವುದು ಅದರಂತಲ್ಲ. ಇದರ ಮೇಲೆ ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ, ಇಂಗ್ಲಿಷಿನಲ್ಲಿ ಆರಂಭದಲ್ಲೇ. ಕನ್ನಡದವನು ಮಾಡಿದನೋ ಮಾಡಲಿಲ್ಲವೋ ಎಂಬುದು ತಿಳಿಯುವವರೆಗೆ ದುಭಾಷಿಯು ಇಡೀ ವಾಕ್ಯವನ್ನು ಉಸಿರುಗಟ್ಟಿ ಹೊತ್ತಿರಬೇಕು. ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ಮೆಟ್ಟಿಲಿಳಿಯುವ ಹೆಂಗಸಿಗೆ ಮಾತ್ರ ಅದರ ಅಂದಾಜು ಸಿಕ್ಕೀತು. ಆದ್ದರಿಂದಲೇ ದೊಡ್ಡ ಸಮ್ಮೇಳನಗಳಲ್ಲಿ ದುಭಾಷಿಗಳು ಇಬ್ಬಿಬ್ಬರಾಗಿ ಕುಳಿತು ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೊಮ್ಮೆ ಸರದಿ ಬದಲಿಸುವುದು ಲೋಕರೂಢಿಯಾಗಿದೆ. ಎರಡನೆಯ ಮಹಾಯುದ್ಧದ ತರುವಾಯ 1945ರ ನವೆಂಬರಿನಿಂದ ನ್ಯೂರೆಂಬರ್ಗ್ ನಗರದಲ್ಲಿ ನಾಲ್ಕು ಭಾಷೆಗಳಲ್ಲಿ ವಿಚಾರಣೆ ನಡೆದಾಗ ಹನ್ನೆರಡು ಹನ್ನೆರಡು ಜನರ ಮೂರು ತಂಡಗಳಿದ್ದವು. ಒಂದು ತಂಡಕ್ಕೆ ಪೂರ್ಣ ವಿಶ್ರಾಂತಿ. ಮಾತಾಡುವವನು ವೇಗವಾಗಿ ಹೋದರೆ ಹಳದಿ ದೀಪ, ಪೂರಾ ನಿಲ್ಲಿಸಬೇಕಾದರೆ ಕೆಂಪು ದೀಪ. ಆ ದೀಪಗಳು ನಮಗೆ ಬಹಳ ಹಿಡಿಸಿದವು. ನಮ್ಮ ಮನೆಗಳಲ್ಲೂ ಅಂಥ ಹಳದಿ ದೀಪವೊಂದಿದ್ದರೆ!

ದೀಪವಿಲ್ಲದಿದ್ದರೆ ಏನಾಗುತ್ತದೆಂಬುದನ್ನು 2009ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕಂಡಿತು. ಲಿಬಿಯಾದ ಅಧಿಪತಿ ಗಡಾಫಿ ಹದಿನೈದು ನಿಮಿಷ ಮಾತಾಡಬೇಕಾದಲ್ಲಿ ಒಂದೂವರೆ ಗಂಟೆ ಮಾತಾಡಿದ. ಅವನೇ ಕರೆತಂದಿದ್ದ ದುಭಾಷಿ ಸುಮಾರು ಎಪ್ಪತ್ತೈದು ನಿಮಿಷ ಒಬ್ಬನೇ ಹೊತ್ತು, ಕಡೆಗೆ ಸೋತು ಕೈಬಿಟ್ಟ. ವಿಶ್ವಸಂಸ್ಥೆಯ ದುಭಾಷಿಯೊಬ್ಬರು ಬಂದು ಉಳಿದದ್ದನ್ನು ಮುಗಿಸಬೇಕಾಯಿತು. ಪತ್ರಿಕೆಗಳು ಅದನ್ನು ವಿನೋದವಾಗಿ ಬರೆದವು. ನಮಗೆ ನಗು ಬರಲಿಲ್ಲ.

ಆದರೂ ಮಿದುಳಿನ ದಣಿವು ನಿದ್ರೆಯಿಂದ ಇಳಿಯಬಹುದು. ಇಳಿಯದ ದಣಿವು ಮತ್ತೊಂದಿದೆ, ಅದು ಉತ್ತಮಪುರುಷದ್ದು. ದುಭಾಷಿಯ ಧರ್ಮವೆಂದರೆ "ಆಕೆಗೆ ಹೊಡೆದರಂತೆ" ಎನ್ನಬಾರದು, "ನನಗೆ ಹೊಡೆದರು" ಎಂದೇ ಹೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ 1996ರಲ್ಲಿ ಸತ್ಯ ಮತ್ತು ಸಮನ್ವಯ ಆಯೋಗದ ಮುಂದೆ ವರ್ಣದ್ವೇಷದ ಕಾಲದ ಬಲಿಪಶುಗಳು ತಮ್ಮ ನೋವನ್ನು ಹೇಳಿಕೊಂಡಾಗ ಅಲ್ಲಿನ ದುಭಾಷಿಗಳು ಹೀಗೆಯೇ ನಾನು, ನನ್ನ ಮಗ, ನನ್ನ ಗಂಡ ಎಂದು ನುಡಿದರು. ಹಿಂಸೆ ಪಟ್ಟವನ ನಾನು, ಹಿಂಸಿಸಿದವನ ನಾನು, ಎರಡೂ ಒಂದೇ ಬಾಯಿಂದ ಒಂದೇ ದಿನ. ಅವರಲ್ಲಿ ಹಲವರು ಆ ಮಾತುಗಳ ಭಾರಕ್ಕೆ ಕುಸಿದರೆಂಬುದು ಆ ಕಾಲದ ಬರವಣಿಗೆಗಳಿಂದ ತಿಳಿಯುತ್ತದೆ. ನಮ್ಮ ನ್ಯಾಯಾಲಯಗಳಲ್ಲಿ 1969ರ ಪ್ರಮಾಣವಚನ ಅಧಿನಿಯಮದಂತೆ ಸಾಕ್ಷಿಯಷ್ಟೇ ಅಲ್ಲ, ದುಭಾಷಿಯೂ ಸತ್ಯಪ್ರಮಾಣ ಮಾಡಬೇಕು. ಪ್ರಮಾಣ ತೆಗೆದುಕೊಂಡವನು ಮಾತನ್ನು ಮೃದು ಮಾಡುವಂತಿಲ್ಲ, ಬಿಡುವಂತಿಲ್ಲ, ಸೇರಿಸುವಂತಿಲ್ಲ. ಸಂಜೆ ಮನೆಗೆ ಹೋದಾಗ ಆ ಮಾತುಗಳನ್ನು ಎಲ್ಲಿ ಇಳಿಸಬೇಕೆಂದು ಯಾವ ಅಧಿನಿಯಮವೂ ಹೇಳಿಲ್ಲ. ಪಾಂಡವಪುರದ ಸೊಸೆ ಹೇಳಿದ್ದೂ ಇದನ್ನೇ ಅಲ್ಲವೆ?

ಇಲ್ಲಿ ನಮ್ಮದೇ ಒಂದು ಅನುಭವವನ್ನು ಬರೆಯದೆ ವಿಧಿಯಿಲ್ಲ. ಹಲವು ವರ್ಷಗಳ ಹಿಂದೆ ನಾಗಮಂಗಲ ತಾಲ್ಲೂಕಿನ ಹಳ್ಳಿಯಲ್ಲಿದ್ದ ನಮ್ಮ ಸೋದರತ್ತೆಯನ್ನು ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆವು. ಪರೀಕ್ಷೆಗಳು ಮುಗಿದ ಮೇಲೆ ತರುಣ ವೈದ್ಯರೊಬ್ಬರು ನಮ್ಮನ್ನು ಕರೆದರು. ಹೊರರಾಜ್ಯದವರು, ಕನ್ನಡ ಬಾರದವರು, ಒಳ್ಳೆಯವರು. ಅವರು ತುಂಬ ತಾಳ್ಮೆಯಿಂದ, ಅತ್ತೆಯ ಮುಖವನ್ನೇ ನೋಡುತ್ತ, ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದರು: ಗಡ್ಡೆ ಎಲ್ಲಿದೆ, ಎಲ್ಲೆಲ್ಲಿಗೆ ಹಬ್ಬಿದೆ, ಶಸ್ತ್ರಚಿಕಿತ್ಸೆಯಿಂದ ಆಗುವುದೇನು ಆಗದಿರುವುದೇನು, ಎಷ್ಟು ತಿಂಗಳು. ಅತ್ತೆ ನಮ್ಮ ಕಡೆ ತಿರುಗಿದರು. ನಮ್ಮ ಬಾಯಿಂದ ಬಂದದ್ದು ಒಂದೇ ವಾಕ್ಯ. "ಹೊಟ್ಟೆಯಲ್ಲಿ ಒಂದು ಗಡ್ಡೆ ಇದೆಯಂತೆ, ಔಷಧ ಕೊಡುತ್ತಾರಂತೆ." ಅಕ್ಷರ ಬಾರದ ಆ ಹೆಂಗಸು ಕ್ಷಣಕಾಲ ಸುಮ್ಮನಿದ್ದು ಹೀಗೆಂದರು. "ಅವರು ಅಷ್ಟುದ್ದ ಹೇಳಿದರು, ನೀನು ಇಷ್ಟೇ ಹೇಳಿದೆ. ಮಿಕ್ಕದ್ದು ಎಲ್ಲಿ ಹೋಯಿತು?"

ಮಿಕ್ಕದ್ದು ನಮ್ಮೊಳಗೇ ಇತ್ತು. ಮೂರು ವಾರ ಇತ್ತು. ಆ ಮೂರು ವಾರ ನಾವು ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ಅತ್ತೆಯ ಎದುರು ನಿಲ್ಲುವ ಧೈರ್ಯ ಸಾಲದೆ ಕೆಲಸದ ನೆಪ ಹೇಳಿ ಊರು ತಪ್ಪಿಸಿಕೊಂಡೆವು. ಕಡೆಗೊಂದು ರಾತ್ರಿ ಅವರ ಮನೆಯ ಜಗಲಿಯ ಮೇಲೆ ಕುಳಿತು ವೈದ್ಯರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆವು. ಅವರು ಅಳಲಿಲ್ಲ. ಮರುದಿನ ಬೆಳಗ್ಗೆ ಇದ್ದ ನಾಲ್ಕು ಬಳೆಗಳನ್ನು ಇಬ್ಬರು ಸೊಸೆಯರಿಗೆ ಹಂಚಿ, ಜಮೀನಿನ ಪತ್ರವನ್ನು ತರಿಸಿದರು. ನಮ್ಮಿಂದ ಮೂರು ವಾರ ವ್ಯರ್ಥವಾಯಿತೆಂದು ಒಮ್ಮೆಯೂ ಆಡಲಿಲ್ಲ. ಆ ಮಾತನ್ನು ಅವರು ಆಡಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಇದರಿಂದ ನಾವು ತಿಳಿದದ್ದೆಂದರೆ, ಮನೆಯವರೇ ದುಭಾಷಿಯಾಗಬಾರದು. ನಮ್ಮ ಸೀಮೆಯಲ್ಲಿ ಈ ಭಾರವನ್ನು ಹೆಚ್ಚಾಗಿ ಹೊರುವವರು ಓದುವ ಮಕ್ಕಳು. ಬ್ಯಾಂಕಿಗೆ, ತಾಲ್ಲೂಕು ಕಛೇರಿಗೆ, ಆಸ್ಪತ್ರೆಗೆ ಹೋಗುವಾಗ ಅಜ್ಜ ಅಜ್ಜಿಯರು ಹೈಸ್ಕೂಲು ಓದುವ ಮೊಮ್ಮಗಳನ್ನು ಜೊತೆಗೆ ಕರೆದೊಯ್ಯುತ್ತಾರೆ. ಸಾಲದ ನೋಟೀಸನ್ನು ಓದಿ ಹೇಳುವವಳು ಅವಳೇ, ರೋಗದ ಹೆಸರನ್ನು ಹೇಳುವವಳೂ ಅವಳೇ. ಹದಿಮೂರು ವರ್ಷದ ಮಗುವಿನ ಬಾಯಿಂದ ಅಜ್ಜಿಯ ಕಾಯಿಲೆಯ ವಿಷಯ ಹೊರಡಬೇಕೆ? ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ವೈದ್ಯಕೀಯ ಕಾಲೇಜಿದೆ. ಅಂಥ ಕಡೆಗಳಿಗೆ ದೂರದೂರದ ವಿದ್ಯಾರ್ಥಿಗಳು ಬರುತ್ತಾರೆ. ಅವರಿಗೂ ಹಳ್ಳಿಯ ರೋಗಿಗೂ ನಡುವೆ ನಿಂತು ಮಾತು ದಾಟಿಸುವವರು ಬಹುತೇಕ ದಾದಿಯರು. ಅವರ ನೇಮಕದ ಪತ್ರದಲ್ಲಿ ಆ ಕೆಲಸದ ಪ್ರಸ್ತಾಪವಿರುವುದಿಲ್ಲ. ಪಾಂಡವಪುರದ ಸುತ್ತಲಿನ ಆಲೆಮನೆಗಳಿಗೆ ಉತ್ತರ ಭಾರತದಿಂದ ದುಡಿಯಲು ಬಂದವರಿಗೆ ಕೈ ಸುಟ್ಟಾಗ, ಕೂಲಿಯ ತಕರಾರು ಬಂದಾಗ, ಹಿಂದಿ ಬಲ್ಲ ಅಂಗಡಿಯವನೋ ನಿವೃತ್ತ ಸೈನಿಕನೋ ಓಡಿಬರಬೇಕು. ಇವರೆಲ್ಲ ದುಭಾಷಿಗಳೇ. ಆದರೆ ತಾವು ದುಭಾಷಿಗಳೆಂಬುದು ಅವರಿಗೇ ಗೊತ್ತಿಲ್ಲ. ತಮ್ಮ ದಣಿವಿಗೆ ಹೆಸರಿದೆಯೆಂಬುದೂ ಗೊತ್ತಿಲ್ಲ.

ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಅದನ್ನು ದುಡಿಮೆಯಿಂದ ಉಂಟಾಗುವ ಸ್ಥಿತಿಯೆಂದು ಗುರುತಿಸಿದೆ. ಅದು ರೋಗವಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂಬುದು ಅದರ ವಿವರಣೆ. ಕಸುವು ಬತ್ತುವುದು, ಕೆಲಸದ ಬಗ್ಗೆ ಜುಗುಪ್ಸೆ ಅಥವಾ ದೂರಭಾವ ಬೆಳೆಯುವುದು, ಮಾಡಿದ್ದೆಲ್ಲ ನಿಷ್ಪ್ರಯೋಜಕವೆನಿಸುವುದು ಅದರ ಲಕ್ಷಣಗಳು. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯತೊಡಗುತ್ತದಲ್ಲ, ಆ ಸ್ಥಿತಿ. ನಮ್ಮ ಮನೆಗಳಲ್ಲಿ ಇದನ್ನು ಸೋಮಾರಿತನವೆಂದೋ ಗರ್ವವೆಂದೋ ತಿಳಿಯುವ ಪ್ರಮಾದವೇ ಹೆಚ್ಚು.

ಹಿಂದಿನವರು ಹೇಗೆ ನಿಭಾಯಿಸಿದರೆಂದು ವಾಚಕರು ಕೇಳಬಹುದು. ನಮ್ಮ ನಾಲ್ಕು ತಾಲ್ಲೂಕುಗಳು ಅನುವಾದದ ಮಹಾನುಭಾವರನ್ನೇ ಕೊಟ್ಟಿವೆ. ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರವೇ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದಲ್ಲಿ. ಅವರ ಇಂಗ್ಲಿಷ್ ಗೀತಗಳು ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದ್ದು ಸರ್ವವಿದಿತ. ಆ ಗೀತೆಗಳಲ್ಲಿ ಅತ್ಯಂತ ಪ್ರಸಿದ್ಧವಾದ ಪ್ರಾರ್ಥನೆಯ ಮೂಲವನ್ನು ನ್ಯೂಮನ್ ಬರೆದದ್ದು 1833ರಲ್ಲಿ, ಸಿಸಿಲಿಯಲ್ಲಿ ಜ್ವರದಿಂದ ಸಾಯುವ ಸ್ಥಿತಿಗೆ ಹೋಗಿ ಬದುಕಿ, ಗಾಳಿಯಿಲ್ಲದೆ ನಿಂತ ಹಡಗಿನಲ್ಲಿ ಮನೆಯನ್ನು ನೆನೆಯುತ್ತ ಕುಳಿತಾಗ. ದಣಿದ ಒಬ್ಬ ಪರದೇಶಿಯ ಮೊರೆ ಇಂದು ನಮ್ಮ ಶಾಲೆಗಳಲ್ಲಿ ಕನ್ನಡದ ಮೊರೆಯಾಗಿಯೇ ಕೇಳಿಸುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಛೇರಿಯ ಗುಮಾಸ್ತಿಕೆಯ ನಡುವೆ ರಾಬರ್ಟ್ ಬರ್ನ್ಸನ ಪ್ರೇಮಗೀತೆಗಳನ್ನೂ ಹಕಲ್‌ಬೆರಿ ಫಿನ್ನನ ಸಾಹಸಗಳನ್ನೂ ಕನ್ನಡಕ್ಕೆ ತಂದರು. ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಸಾಕ್ರೆಟೀಸನ ಕೊನೆಯ ದಿನಗಳನ್ನು ಕನ್ನಡಿಸಿದವರು. 1900ರಲ್ಲಿ ಹುಟ್ಟಿ 2003ರವರೆಗೆ ಬದುಕಿದ್ದರು. ಅನುವಾದ ಮಾಡಿದರೆ ಆಯುಸ್ಸು ಕಡಿಮೆಯಾಗುತ್ತದೆಂದು ಹೆದರುವವರಿಗೆ ಇದೊಂದು ಸಮಾಧಾನ!

ಆದರೆ ಆ ಹೋಲಿಕೆ ಅಷ್ಟು ನ್ಯಾಯವಾದುದಲ್ಲ. ಆ ಹಿರಿಯರು ತಮಗೆ ಪ್ರಿಯವಾದುದನ್ನು ತಾವೇ ಆರಿಸಿಕೊಂಡರು. ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿತ್ತು, ಒಂದು ಪದಕ್ಕಾಗಿ ಒಂದು ವಾರ ಕಾಯಬಹುದಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯನ್ನು ಇಂಗ್ಲಿಷಿಗೆ ತರಿಸಿದಾಗ ನಂದೀಮಠ, ಮೆನೆಜಿಸ್, ಹಿರೇಮಠ, ಭೂಸನೂರಮಠರಂಥ ವಿದ್ವಾಂಸರು ಜೊತೆಗೂಡಿ ದುಡಿದರು. ಐದು ಸಂಪುಟಗಳು ಹೊರಬರಲು 1965ರಿಂದ 1972ರವರೆಗೆ ಕಾಲ ಹಿಡಿಯಿತು. ಯಾರೂ ಅವರನ್ನು ನಾಳೆ ಬೆಳಗಿನೊಳಗೆ ಕೊಡಿ ಎಂದು ಪೀಡಿಸಲಿಲ್ಲ. ಇಂದಿನ ಭಾಷಾಂತರಕಾರಳಿಗೆ ಪದಕ್ಕೆ ಇಷ್ಟು ಪೈಸೆ ಎಂಬ ಲೆಕ್ಕ. ರಾತ್ರಿ ಹನ್ನೊಂದಕ್ಕೆ ಬಂದದ್ದು ಬೆಳಗ್ಗೆ ಒಂಬತ್ತಕ್ಕೆ ಹೋಗಬೇಕು. ಈಚೆಗೆ ಗಣಕಯಂತ್ರವೇ ಮೊದಲ ಕರಡು ಮಾಡಿ ಕೊಡುತ್ತದೆ, ನೀವು ತಿದ್ದಿದರೆ ಸಾಕು ಎಂದು ದರವನ್ನೂ ಇಳಿಸುತ್ತಾರಂತೆ. ಸರ್ವೋಚ್ಚ ನ್ಯಾಯಾಲಯವೂ 2019ರಿಂದ ತೀರ್ಪುಗಳ ಭಾಷಾಂತರಕ್ಕೆ ಯಂತ್ರದ ನೆರವು ಪಡೆಯುತ್ತಿದೆ. ಯಂತ್ರವನ್ನು ನಾವು ಹಳಿಯುವುದಿಲ್ಲ. ಆದರೆ ಮತ್ತೊಬ್ಬರು ಕಲಸಿದ ಹಿಟ್ಟಿನಲ್ಲಿ ಕಲ್ಲು ಹುಡುಕುವ ಕೆಲಸ ತಾನೇ ಬೀಸಿ ಕಲಸುವುದಕ್ಕಿಂತ ಕಡಿಮೆ ಶ್ರಮದ್ದೆಂದು ಯಾರು ಹೇಳಿದರು? ಯಂತ್ರದ ವಾಕ್ಯ ನೋಡಲು ನುಣುಪಾಗಿರುತ್ತದೆ. ಕಲ್ಲು ಇರುವುದು ನುಣುಪಿನ ಒಳಗೆ. ಕಣ್ಣು ಒಂದು ಕ್ಷಣವೂ ಸಡಿಲವಾಗುವಂತಿಲ್ಲ.

ಕಾಯಕವೆಂಬ ಮಾತನ್ನು ನಮ್ಮ ಮನೆಗಳಲ್ಲಿ ಹಗಲಿರುಳು ಬಳಸುತ್ತೇವೆ. ಆ ಪದದೊಳಗೆ ಕಾಯವಿದೆ. ಕಾಯವನ್ನು ಸವೆಸಿಬಿಡುವುದನ್ನು ಕಾಯಕವೆಂದು ಕರೆಯುವ ಅಧಿಕಾರ ಮಾಲೀಕನಿಗೂ ಇಲ್ಲ, ಅತ್ತೆಮಾವಂದಿರಿಗೂ ಇಲ್ಲ, ಸ್ವತಃ ದುಡಿಯುವವರಿಗೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಫ.ಗು. ಹಳಕಟ್ಟಿಯವರು ವಚನಗಳಿಗಾಗಿ ಮನೆಯನ್ನೇ ಮಾರಿದರೆಂದು ನಾವು ಭಕ್ತಿಯಿಂದ ಕಥೆ ಹೇಳುತ್ತೇವೆ. ಆ ಬಡತನದಲ್ಲಿ ಅವರ ಮನೆಯವರು ಹೇಗೆ ದಿನ ಕಳೆದರೆಂಬುದನ್ನು ಅಷ್ಟೇ ಭಕ್ತಿಯಿಂದ ಕೇಳುವುದಿಲ್ಲ.

ಹಾಗಾದರೆ ಮನೆಯವರು ಮಾಡಬೇಕಾದದ್ದೇನು? ದೊಡ್ಡದೇನೂ ಅಲ್ಲ. ಭಾಷಾಂತರಕ್ಕೆ ಕುಳಿತವರನ್ನು ಗಳಿಗೆಗೊಮ್ಮೆ ಕರೆಯಬಾರದು. ಅ ನುಡಿಯಿಂದ ಈ ನುಡಿಗೆ ದಾಟುತ್ತಿರುವಾಗ ಕರೆದರೆ ಅವರು ನಡುಹೊಳೆಯಲ್ಲಿ ನಿಂತುಬಿಡುತ್ತಾರೆ. ಬದಲಾಗಿ ಗಂಟೆಗೊಮ್ಮೆ ತಾವಾಗಿಯೇ ಎದ್ದು, ಕಣ್ಣಿಗೆ ದೂರದ ಹಸಿರು ಕಾಣುವಂತೆ ಹಿತ್ತಿಲಿಗೋ ಮಾಳಿಗೆಗೋ ನಾಲ್ಕು ಹೆಜ್ಜೆ ಹೋಗಿಬರುವ ರೂಢಿ ಇರಬೇಕು. ಕುತ್ತಿಗೆ ಬಗ್ಗಿಸಿ ನೆಲದ ಮೇಲೆ ಕುಳಿತು ಬರೆಯುವುದಕ್ಕಿಂತ ಎತ್ತರದ ಮೇಜು ಲೇಸು. ಘೋರವಾದ ಹೇಳಿಕೆಗಳ ಕೆಲಸ ಬಂದ ದಿನ ಅದನ್ನು ರಾತ್ರಿಗೆ ಉಳಿಸಿಕೊಳ್ಳದೆ ಹಗಲಿನಲ್ಲೇ ಮುಗಿಸಿ, ಅದರ ತರುವಾಯ ಒಂದಿಷ್ಟು ಸರಳವಾದ ಕೆಲಸವನ್ನು ಇಟ್ಟುಕೊಳ್ಳುವುದು ಹಿತ. ಇಂಥದ್ದು ಬೇಡವೆಂದು ಕೆಲಸ ಕೊಡುವವರಿಗೆ ಹೇಳಲು ಅಂಜಬಾರದು. ಹಾಗೆ ಹೇಳಿದರೆ ಮುಂದೆ ಕೆಲಸವೇ ಬಾರದೆಂಬ ಭಯವಿರುತ್ತದೆ, ಅದು ಸುಳ್ಳು ಭಯವೂ ಅಲ್ಲ. ಆದ್ದರಿಂದಲೇ ಒಬ್ಬೊಬ್ಬರೇ ಹೇಳುವುದಕ್ಕಿಂತ ಇದೇ ಕಾಯಕದ ನಾಲ್ಕಾರು ಮಂದಿ ಪರಿಚಯ ಇಟ್ಟುಕೊಂಡಿರುವುದು ಒಳ್ಳೆಯದು. ಗುಟ್ಟಿನ ಕಾಗದಗಳ ವಿವರವನ್ನು ಮನೆಯಲ್ಲಿ ಹೇಳುವಂತಿಲ್ಲ ನಿಜ; "ಇವತ್ತು ಕಷ್ಟದ ಕಾಗದವಿತ್ತು" ಎಂದಷ್ಟೇ ಹೇಳಿದರೆ ಗುಟ್ಟು ಒಡೆಯುವುದಿಲ್ಲ. ಕೇಳಿದವರು ಏನೆಂದು ಕೆದಕದೆ ಒಂದು ಲೋಟ ಮಜ್ಜಿಗೆ ಕೊಟ್ಟರಾಯಿತು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಓದಿದ ಮಾತುಗಳೇ ಕಿವಿಯಲ್ಲಿ ಮೊಳಗುತ್ತಿದ್ದರೆ, ಬದುಕೇ ಬೇಡವೆನಿಸಿದರೆ ಸಂಕೋಚಪಡದೆ ವೈದ್ಯರನ್ನು ಕಾಣಬೇಕು. 2022ರಿಂದ ಸರ್ಕಾರವು ನಡೆಸುತ್ತಿರುವ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಆಸ್ಪತ್ರೆಗೆ ಹೋಗುವವರು ಕನ್ನಡ ಬಲ್ಲ ವೈದ್ಯರನ್ನೋ ದಾದಿಯನ್ನೋ ಕೇಳಿ ಕರೆಸಿಕೊಳ್ಳಬೇಕು. ಮಕ್ಕಳನ್ನು ಹೊರಗೆ ಕೂರಿಸಬೇಕು. ಇದನ್ನು ನಾವು ಅನುಭವಿಸಿ ಬರೆಯುತ್ತಿದ್ದೇವೆ.

ಮೊನ್ನೆ ಶ್ರಾವಣದಲ್ಲಿ ಪಾಂಡವಪುರಕ್ಕೆ ಹೋದಾಗ ಆ ಹಿರಿಯ ಗೃಹಿಣಿಯ ಮನೆಗೂ ಹೋಗಿದ್ದೆವು. ಮದುವೆಯ ದಿನ ಹೇಳಲಾಗದ ಉತ್ತರದಲ್ಲಿ ಸ್ವಲ್ಪವನ್ನು ಮೇಲಿನ ಬೊರಯ್ಯನ ಕಥೆಯೊಡನೆ ಪತ್ರದಲ್ಲಿ ಬರೆದು ಕಳುಹಿಸಿದ್ದೆವು. ಅದರ ಫಲವೋ ಮತ್ತೇನೋ, ಸಂಜೆ ನಾಲ್ಕರ ಹೊತ್ತಿಗೆ ಅತ್ತೆಯವರು ತಾವೇ ಕಾಫಿ ಹಿಡಿದು ಮಹಡಿ ಹತ್ತುವುದನ್ನು ಕಂಡೆವು. ಮಂಡಿನೋವಿನವರು, ಎರಡು ಕಡೆ ನಿಂತು ಹತ್ತಿದರು. ನಾವೂ ಹಿಂದೆಯೇ ಹೋದೆವು. ಸೊಸೆ ಯಾವುದೋ ಮಾತ್ರೆಯ ಚೀಟಿಯನ್ನು ಕನ್ನಡಿಸುತ್ತಿದ್ದಳು. ಯಂತ್ರ ಕೊಟ್ಟ ಕರಡಿನಲ್ಲಿ "ಕೈಕಾಲುಗಳ ಸಂವೇದನಾಶೂನ್ಯತೆ" ಎಂದಿತ್ತು. ಅದು ಯಾರಿಗೆ ಅರ್ಥವಾಗುತ್ತದೆಂದು ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದೇನೆಂದು ಅತ್ತೆಯ ಮುಂದೆ ಓದಿ ಹೇಳಿದಳು. ಹಾಗೆಂದರೇನೆಂದು ಅವರು ಕೇಳಿದರು. ಕೈಕಾಲು ಮರಗಟ್ಟಿ, ಮುಟ್ಟಿದರೂ ತಿಳಿಯದೆ, ಇರುವೆ ಹರಿದ ಹಾಗಾಗುವುದು ಎಂದು ಆಕೆ ವಿವರಿಸಿದಳು.

"ಅಯ್ಯೋ, ಜೋಮು ಹಿಡಿಯೋದು ಅನ್ನು," ಎಂದರು ಅತ್ತೆ. "ಇಷ್ಟಕ್ಕೆ ಬೆಳಗಿನಿಂದ ಕೂತಿದ್ದೀಯಾ? ನನ್ನ ಕರೆಯಬಾರದಿತ್ತಾ?"

ಸೊಸೆ ನಕ್ಕು, ಇದ್ದದ್ದನ್ನು ಅಳಿಸಿ ಹಾಗೆಯೇ ಬರೆದಳು.